ನಾಯಿ ಬಂತು, ಕಾರು ಜಾಲಾಡಿದರು, ಸಿಕ್ಕಿದ್ದು ಇಂಗಿನ ಡಬ್ಬಿ. ಹೀಗೆ ಮಾಡೋದಕ್ಕೆ ಪೊಲೀಸರಿಗೆ ಹಕ್ಕಿದೆಯಾ?

ಹೆದ್ದಾರಿಹಕ್ಕಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕಳೆದ ಶುಕ್ರವಾರ ಆದದ್ದನ್ನು ಇದ್ದ ಹಾಗೆ ಬರೀತೀನಿ, ತಿಳಿದವರು ಹೇಳಿ.

ನಾನು, ನನ್ನ ಹೆಂಡತಿ, ಅವಳ ತಮ್ಮ, ಮೂವರೂ ಬಾಡಿಗೆ ಕಾರಿನಲ್ಲಿ ಷಿಕಾಗೋದಿಂದ ಪಶ್ಚಿಮಕ್ಕೆ ಹೊರಟಿದ್ದೆವು. ಯಾವ ರಾಜ್ಯ ಅಂತ ಹೇಳೋದಿಲ್ಲ. ಕಾರು ನನ್ನ ಹೆಸರಿನಲ್ಲಿ, ಓಡಿಸ್ತಾ ಇದ್ದವನು ಭಾವಮೈದ, ನಂಬರ್ ಪ್ಲೇಟ್ ಇನ್ಯಾವುದೋ ರಾಜ್ಯದ್ದು. ಹಿಂದಿನಿಂದ ದೀಪ ಮಿಣುಕಿಸಿಕೊಂಡು ಬಂದು ನಿಲ್ಲಿಸಿದರು. ಮುಂದಿನ ಲಾರಿಗೆ ತೀರಾ ಹತ್ತಿರ ಹೋಗ್ತಿದ್ದಿರಿ ಅನ್ನೋದು ಕಾರಣ. ಲೈಸೆನ್ಸು, ಬಾಡಿಗೆ ಕಾಗದ ತಗೊಂಡು ಹೋಗಿ, ಸ್ವಲ್ಪ ಹೊತ್ತಿಗೆ ಬರೀ ವಾರ್ನಿಂಗ್ ಬರೆದ ಚೀಟಿ ತಂದುಕೊಟ್ಟರು. ಎಲ್ಲಾ ವಾಪಸ್ ಕೊಟ್ಟು, ಹುಷಾರಾಗಿ ಹೋಗಿ ಅಂದರು. ನಮಗೆ ಉಸಿರು ಬಂತು.

ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಒಂದೆರಡು ಪ್ರಶ್ನೆ ಕೇಳಬಹುದಾ ಅಂದರು. ಭಾವಮೈದ ಆಗಲಿ ಅಂದ. ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ, ಕಾರಿನಲ್ಲಿ ಗಾಂಜಾ ಇದೆಯಾ, ದುಡ್ಡು ಎಷ್ಟಿದೆ. ಆಮೇಲೆ ಕಾರು ನೋಡಬಹುದಾ ಅಂದರು. ನಾನು ಬೇಡ ಅಂದೆ. ಹಾಗಾದರೆ ಇಲ್ಲೇ ಇರಿ, ನಾಯಿ ಬರುತ್ತೆ ಅಂದರು. ಇನ್ನೊಂದು ಗಾಡಿ ಬಂತು, ನಾಯಿ ಇಳೀತು, ಕಾರು ಸುತ್ತಿತು, ಹಿಂದಿನ ಬಾಗಿಲ ಹತ್ತಿರ ಕೂತಿತು. ಅಷ್ಟೇ. ನಮ್ಮ ಮೂರು ಸೂಟ್‌ಕೇಸು, ಕುಕ್ಕರು, ಅತ್ತೆ ಊರಿಂದ ಕಟ್ಟಿ ಕಳಿಸಿದ್ದ ಚಟ್ನಿಪುಡಿ, ಸಾರಿನ ಪುಡಿ ಎಲ್ಲಾ ಹುಲ್ಲಿನ ಮೇಲೆ. ಒಬ್ಬರು ಇಂಗಿನ ಡಬ್ಬಿ ತೆಗೆದು ಮೂಸಿದರು. ಆ ಮುಖ ನಾನು ಸಾಯೋತನಕ ಮರೆಯೋದಿಲ್ಲ.

ಏನೂ ಸಿಗಲಿಲ್ಲ. ತುಂಬಿಕೊಳ್ಳಿ ಅಂತ ಹೇಳಿ ಹೊರಟು ಹೋದರು. ನನ್ನದು ಎಚ್‌ಒನ್‌ಬಿ, ಭಾವಮೈದ ವಿದ್ಯಾರ್ಥಿ ವೀಸಾ. ಹೆಂಡತಿ ಹೇಳೋದು ನಾಯಿ ಹಿಡಿದಿದ್ದು ಇಂಗನ್ನೇ ಅಂತ. ಅದಿರಲಿ, ಬೇಡ ಅಂದ ಮೇಲೂ ನಾಯಿ ತರಿಸಬಹುದಾ?

ಬೆಣ್ಣೆಖಾಲಿ · ಭಾನುವಾರ ರಾತ್ರಿ

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಿದ್ರು ನಮ್ಮಜ್ಜಿ. ಇಂಗು ಒಂದೇ ಇದ್ದರೆ ನಾಯಿ ಕೇಸು ಮಾಡುತ್ತೆ ಅಂತ ಈಗ ಗೊತ್ತಾಯ್ತು. ಕ್ಷಮಿಸಿ ಅಣ್ಣ, ತಡೆಯೋಕಾಗಲಿಲ್ಲ.

ನನಗೆ ಗೊತ್ತಿರೋ ಹಾಗೆ 20 ನಿಮಿಷದ ರೂಲ್ ಇದೆ. 20 ನಿಮಿಷದೊಳಗೆ ನಾಯಿ ಬಂದರೆ ಸರಿ, ಮೀರಿದರೆ ತಪ್ಪು.

ವಕಾಲತ್ತು · ಸೋಮವಾರ ಬೆಳಗ್ಗೆ

ಅಂಥ ರೂಲ್ ಇಲ್ಲ. 1985ರ ಶಾರ್ಪ್ ಅನ್ನೋ ಒಂದು ಕೇಸಿನಲ್ಲಿ 20 ನಿಮಿಷ ತಡೆದದ್ದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, ಅದೇ ಬಾಯಿಂದ ಬಾಯಿಗೆ ರೂಲ್ ಆಗಿರಬೇಕು. ನಾನು ವಕೀಲ ಅಲ್ಲ. ಆರೋಪಿಗಳ ಪರ ವಾದಿಸೋ ಒಂದು ಆಫೀಸಿನಲ್ಲಿ ಒಂಬತ್ತು ವರ್ಷ ಫೈಲು ಹೊತ್ತವನು. ಇದನ್ನು ಸಲಹೆ ಅಂತ ತಗೋಬೇಡಿ.

ಇಲ್ಲಿ ಎರಡು ಪ್ರಶ್ನೆ ಇವೆ, ಜನ ಒಂದೇ ಅಂದುಕೊಳ್ತಾರೆ. ನಾಯಿ ಮೂಸೋದು ಶೋಧನೆಯಾ ಅನ್ನೋದು ಒಂದು. ನಾಯಿ ಬರೋತನಕ ನಿಮ್ಮನ್ನು ಕಾಯಿಸಬಹುದಾ ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ಉತ್ತರ ಕೊಟ್ಟು ಬಹಳ ಕಾಲ ಆಯ್ತು: ಅಲ್ಲ. 1983ರಲ್ಲಿ ವಿಮಾನ ನಿಲ್ದಾಣದ ಲಗೇಜಿನ ವಿಷಯದಲ್ಲಿ ಹೇಳಿದರು, 2005ರಲ್ಲಿ ಕಬಾಯೆಸ್ ಕೇಸಿನಲ್ಲಿ ಕಾರಿಗೂ ಹೇಳಿದರು. ಆ ಮನುಷ್ಯ ಇಲಿನಾಯ್‌ನಲ್ಲಿ 65ರ ರಸ್ತೆಯಲ್ಲಿ 71ರಲ್ಲಿ ಹೋಗ್ತಿದ್ದ, ಆರು ಮೈಲು ಜಾಸ್ತಿ. ಒಬ್ಬರು ವಾರ್ನಿಂಗ್ ಬರೀತಾ ಇರುವಾಗಲೇ ಇನ್ನೊಬ್ಬರು ನಾಯಿ ತಂದು ಸುತ್ತು ಹಾಕಿಸಿದರು. ಡಿಕ್ಕಿಯಲ್ಲಿ ಗಾಂಜಾ ಸಿಕ್ತು, 12 ವರ್ಷ ಶಿಕ್ಷೆ. ನಾಯಿಗೆ ಗೊತ್ತಾಗೋದು ನಿಷೇಧಿತ ವಸ್ತು ಒಂದೇ, ಅದನ್ನು ಬಚ್ಚಿಡೋ ಹಕ್ಕು ಯಾರಿಗೂ ಇಲ್ಲ, ಹಾಗಾಗಿ ಯಾರ ಖಾಸಗಿತನವೂ ಹೋಗಲಿಲ್ಲ ಅನ್ನೋದು ಅಲ್ಲಿನ ತರ್ಕ. ಆದ್ದರಿಂದ ನೀವು ಬೇಡ ಅಂದಿದ್ದು ಕಾರಿನ ಒಳಗೆ ಹುಡುಕೋದಕ್ಕೆ ಮಾತ್ರ ಲಾಗೂ. ಹೊರಗಿನಿಂದ ಮೂಸೋದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ. ನಾಯಿ ಸೂಚನೆ ಕೊಟ್ಟರೆ ಅದನ್ನೇ ಕಾರಣ ಮಾಡಿ ಒಳಗೂ ಹುಡುಕ್ತಾರೆ.

ಎರಡನೆಯದರಲ್ಲಿ ನಿಮಗೆ ಬಲ ಇದೆ. 2015ರ ರೊಡ್ರಿಗೆಜ್ ತೀರ್ಪು. ನೆಬ್ರಾಸ್ಕದಲ್ಲಿ 2012ರ ಮಾರ್ಚ್, ಮಧ್ಯರಾತ್ರಿ ದಾಟಿತ್ತು. ಕಾರು ಒಂದೆರಡು ಸೆಕೆಂಡು ರಸ್ತೆಯ ಪಕ್ಕದ ಪಟ್ಟಿಗೆ ಇಳಿದು ಮತ್ತೆ ಒಳಗೆ ಬಂತು ಅಂತ ನಿಲ್ಲಿಸಿದರು. ನಿಮ್ಮ ಹಾಗೇ ವಾರ್ನಿಂಗ್ ಬರೆದು ಕಾಗದಪತ್ರ ವಾಪಸ್ ಕೊಟ್ಟಾಗಿತ್ತು. ಆಮೇಲೆ ನಾಯಿ ಸುತ್ತು ಹಾಕಿಸಲಾ ಅಂದರು, ಅವನು ಬೇಡ ಅಂದ. ಇಳಿದು ನಿಲ್ಲು ಅಂದರು. ತಮಾಷೆ ಅಂದರೆ ನಾಯಿ ಅದೇ ಅಧಿಕಾರಿಯ ಗಾಡಿಯಲ್ಲೇ ಇತ್ತು, ಕಾದದ್ದು ಜೊತೆಗೆ ಇನ್ನೊಬ್ಬ ಅಧಿಕಾರಿ ಬರಲಿ ಅಂತ. ಚೀಟಿ ಕೊಟ್ಟ ಮೇಲೆ ನಾಯಿ ಸೂಚನೆ ಕೊಡೋದಕ್ಕೆ ಹೆಚ್ಚೆಂದರೆ ಏಳೆಂಟು ನಿಮಿಷ. ಅಷ್ಟೂ ಜಾಸ್ತಿ ಅಂದರು ನ್ಯಾಯಮೂರ್ತಿ ಗಿನ್ಸ್‌ಬರ್ಗ್, 6-3 ಬಹುಮತ. ಟ್ರಾಫಿಕ್ ತಪ್ಪಿಗೆ ನಿಲ್ಲಿಸಿದ ಕೆಲಸ ಏನುಂಟೋ ಅದು ಮುಗಿದ ಮೇಲೆ, ಅಥವಾ ಮುಗಿಯಬೇಕಾದ ಹೊತ್ತು ಕಳೆದ ಮೇಲೆ, ಬೇರೆ ಸಕಾರಣ ಅನುಮಾನ ಇಲ್ಲದೆ ನಾಯಿಗೋಸ್ಕರ ಕಾಯಿಸೋ ಹಾಗಿಲ್ಲ.

ಆದ್ದರಿಂದ ಇಲ್ಲಿ ಗಡಿಯಾರವೇ ಮುಖ್ಯ. ಚೀಟಿ ಕೈಗೆ ಬಂದದ್ದು ಎಷ್ಟೊತ್ತಿಗೆ, ನಾಯಿ ಬಂದದ್ದು ಎಷ್ಟೊತ್ತಿಗೆ, ನೆನಪಿದೆಯಾ?

ಹೆದ್ದಾರಿಹಕ್ಕಿ · ಸೋಮವಾರ ಮಧ್ಯಾಹ್ನ

ಸರ್, ಕರಾರುವಾಕ್ಕಾಗಿ ಗೊತ್ತಿಲ್ಲ. ಹೆಂಡತಿ ಅವಳ ಅಕ್ಕನಿಗೆ ವಾಟ್ಸಾಪ್ ಮಾಡಿದ್ದು ನೋಡಿದರೆ ಇಪ್ಪತ್ತು ನಿಮಿಷದ ಮೇಲೇ ಆಗಿದೆ.

ಫೇಡಾಪ್ರಿಯ · ಸೋಮವಾರ ಸಂಜೆ

ಅಲ್ರೀ, ನಂಗ ಒಂದು ತಿಳೀವಲ್ದು. ಕಾರಿನಾಗ ಏನೂ ಇರಲಿಲ್ಲಂದ್ರ ಮೊದಲ ಸಲ ಕೇಳಿದಾಗನ ತೆಗದು ತೋರಿಸಿದ್ರ ಹತ್ತು ನಿಮಿಷದಾಗ ಮುಗೀತಿತ್ತಲ್ರೀ. ಬ್ಯಾಡ ಅಂದಿರಿ, ಅವರಿಗೆ ಡೌಟ್ ಬಂತು. ನಾವು ಬ್ಯಾರೇ ದೇಶದಾಗ ಹೊಟ್ಟಿಪಾಡಿಗೆ ಬಂದವ್ರು. ಪೊಲೀಸ್ರ ಕೂಡ ಕಾನೂನು ಮಾತಾಡಕ್ಕ ಹೋಗಿ ಏನು ಗಳಸೋದೈತಿ? ನಮ್ಮ ಹುಬ್ಬಳ್ಳ್ಯಾಗ ಆಗಿದ್ರ ಬ್ಯಾಡ ಅಂತಿದ್ರೇನು?

ವಕಾಲತ್ತು · ಸೋಮವಾರ ರಾತ್ರಿ

ಸರ್, ನಿಮ್ಮ ಮಾತಿನಲ್ಲಿ ಅರ್ಧ ಒಪ್ತೀನಿ. ರಸ್ತೆಯಲ್ಲಿ ವಾದ ಬೇಡವೇ ಬೇಡ. ಇಳಿಯಿರಿ ಅಂದರೆ ಇಳಿಯಬೇಕು, 1977ರಿಂದ ಚಾಲಕನಿಗೆ, 1997ರಿಂದ ಪಕ್ಕದಲ್ಲಿ ಕೂತವರಿಗೂ ಅದು ಕಾನೂನೇ. ಆದರೆ ಬೇಡ ಅನ್ನೋದು ವಾದ ಅಲ್ಲ. ಬೇಡ ಅಂದದ್ದನ್ನೇ ಅನುಮಾನದ ಕಾರಣ ಮಾಡೋ ಹಾಗಿಲ್ಲ. ಇನ್ನೊಂದು ಕಡೆ, ಬೇಡ ಅನ್ನೋ ಹಕ್ಕು ನಿಮಗಿದೆ ಅಂತ ಪೊಲೀಸರು ನಿಮಗೆ ತಿಳಿಸಬೇಕಾಗಿಯೂ ಇಲ್ಲ, 1973ರ ತೀರ್ಪು ಅದು. ಹೂಂ ಅಂದುಬಿಟ್ಟರೆ ಆಮೇಲೆ ಕೋರ್ಟಿನಲ್ಲಿ ಗಡಿಯಾರದ ಮಾತು ಎತ್ತೋದು ಬಹಳ ಕಷ್ಟ. ನೀವೇ ಬಾಗಿಲು ತೆಗೆದಿರಿ.

ಬಾಡಿಗೆ ಕಾರಿನಲ್ಲಿ ಏನೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ನಿಮ್ಮ ಮುಂಚೆ ಅದರಲ್ಲಿ ಕೂತವರು ಸೀಟಿನ ಸಂದಿಯಲ್ಲಿ ಏನು ಬೀಳಿಸಿ ಹೋಗಿದ್ದಾರೋ. ವೀಸಾ ಇರೋರು ಇದನ್ನು ಸಾವಿರ ಸಲ ಯೋಚಿಸಬೇಕು. ರಾಜ್ಯ ಬಿಟ್ಟರೂ ಒಕ್ಕೂಟ ಸರ್ಕಾರಕ್ಕೆ ಗಾಂಜಾ ಇನ್ನೂ ಅಪರಾಧವೇ. ವಲಸೆ ಇಲಾಖೆ ನೋಡೋದು ಆ ಕಾನೂನನ್ನು. ಶಿಕ್ಷೆ ಆಗಬೇಕಂತಿಲ್ಲ, ಇಟ್ಟುಕೊಂಡಿದ್ದೆ ಅಂತ ಒಪ್ಪಿಕೊಂಡದ್ದೇ ಮುಂದೆ ಪ್ರವೇಶ ನಿರಾಕರಿಸೋದಕ್ಕೆ ಸಾಕಾಗಬಹುದು. ಕೊಲರಾಡೊ ಅಂಗಡಿಯಲ್ಲಿ ಕೊಂಡ ಗಮ್ಮಿ, ಅಂದರೆ ಗಾಂಜಾ ಹಾಕಿದ ಮಿಠಾಯಿ, ಚಾಕೊಲೇಟ್ ಥರ ಕಾಣುತ್ತೆ, ಅಲ್ಲಿ ಕಾನೂನುಬದ್ಧವೂ ಹೌದು. ಗಡಿ ದಾಟಿದ ಮೇಲೆ ಅದು ಚಾಕೊಲೇಟ್ ಅಲ್ಲ.

ಹಕ್ಕಿಯವರೇ, ನೀವು ಬರೆದ ಆ 'ಎರಡು ಹೆಜ್ಜೆ' ಇದೆಯಲ್ಲ, ಅದಕ್ಕೆ ಹೆಸರೇ ಇದೆ, ಕಾನ್ಸಾಸ್ ಟೂ ಸ್ಟೆಪ್. ಸ್ಟಾಪ್ ಮುಗೀತು ಅಂತ ಹೇಳಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಪ್ರಶ್ನೆ ಕೇಳೋದು. ಮುಗಿದ ಮೇಲೆ ನೀವು ಉತ್ತರ ಕೊಟ್ಟರೆ ಅದು ನಿಮ್ಮಿಷ್ಟದ ಮಾತುಕತೆ ಅಂತ ಲೆಕ್ಕ, ತಡೆದದ್ದಲ್ಲ. ಹಿಂದೆ ದೀಪ ಮಿಣುಕ್ತಾ ಇರುವಾಗ ಯಾರಿಗೆ ತಾನೇ ಹೊರಟು ಹೋಗೋ ಧೈರ್ಯ ಬರುತ್ತೆ, ಹೇಳಿ. 2023ರ ಜುಲೈನಲ್ಲಿ ಕಾನ್ಸಾಸ್‌ನ ಫೆಡರಲ್ ನ್ಯಾಯಾಧೀಶೆ ಕ್ಯಾಥರಿನ್ ವ್ರಾಟಿಲ್, ಅಲ್ಲಿನ ಹೈವೇ ಪೆಟ್ರೋಲ್ ಇದನ್ನು ಬಳಸಿದ ರೀತಿ ಸಕಾರಣ ಇಲ್ಲದ ತಡೆ, ಶೋಧನೆಗಳಿಂದ ಕಾಪಾಡೋ ಸಂವಿಧಾನದ ನಾಲ್ಕನೇ ತಿದ್ದುಪಡಿಗೆ ವಿರುದ್ಧ ಅಂತ ತೀರ್ಪು ಕೊಟ್ಟರು. ಅದಕ್ಕೂ ಮುಂಚೆ 2016ರಲ್ಲಿ ಹತ್ತನೇ ಸರ್ಕಿಟ್ ಕೋರ್ಟು (ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಫೆಡರಲ್ ಮೇಲ್ಮನವಿ ಕೋರ್ಟು), ಕೊಲರಾಡೊದವನು ಅನ್ನೋದನ್ನೇ ಅನುಮಾನಕ್ಕೆ ಕಾರಣ ಮಾಡಬೇಡಿ ಅಂತ ಹೇಳಿತ್ತು.

ಹೆದ್ದಾರಿಹಕ್ಕಿ · ಸೋಮವಾರ ರಾತ್ರಿ

ನಮ್ಮದು ಕಾನ್ಸಾಸ್ ಅಲ್ಲ ಸರ್. ಹೆಜ್ಜೆ ಮಾತ್ರ ಅದೇ.

ಮೂಗುದಾರ · ಮಂಗಳವಾರ ಬೆಳಗ್ಗೆ

ನಾಯಿಗಳ ಬಗ್ಗೆ ನಾನು ಸ್ವಲ್ಪ ಹೇಳ್ತೇನೆ. ಕಾಡಿನಲ್ಲಿ ಕಳೆದುಹೋದವರನ್ನು ಹುಡುಕೋ ಸ್ವಯಂಸೇವಕರ ತಂಡದಲ್ಲಿ ಆರು ವರ್ಷದಿಂದ ಇದ್ದೇನೆ. ಮನೆಯಲ್ಲಿರೋದು ಲ್ಯಾಬ್ರಡಾರ್. ಮಾದಕ ವಸ್ತುವಿನ ನಾಯಿ ಅಲ್ಲ, ಆದರೆ ತರಬೇತಿಯ ಜಾಡು ಒಂದೇ.

ಇಂಗಿನ ಮಾತು ಬಿಟ್ಟುಬಿಡಿ ಮಾರಾಯ್ರೆ. ನಾಯಿಗೆ ಯಾವ ವಾಸನೆಗೆ ಬಹುಮಾನ ಕೊಟ್ಟು ಕಲಿಸಿದ್ದಾರೋ ಅದಕ್ಕೇ ಅದು ಕೂರೋದು. ಇಂಗು ಎಷ್ಟೇ ನಾತ ಹೊಡೆದರೂ ಅದಕ್ಕೆ ಬಹುಮಾನದ ಚೆಂಡು ಸಿಗೋದಿಲ್ಲ. ಆದರೆ ಎರಡು ಸಂಗತಿ ಉಂಟು. ಒಂದು, ವಸ್ತು ಹೋದ ಮೇಲೂ ವಾಸನೆ ಉಳಿಯುತ್ತೆ. ಹಿಂದಿನ ಬಾಡಿಗೆಯವರು ಗಾಂಜಾ ಸೇದಿದ್ದರೆ ನಾಯಿ ಹೇಳಿದ್ದು ಸುಳ್ಳಲ್ಲ, ನಿಮ್ಮದಂತೂ ಅಲ್ಲ. ಇನ್ನೊಂದು, ನಾಯಿ ಮೂಸೋದು ಕಾರನ್ನು ಮಾತ್ರ ಅಲ್ಲ, ಹಗ್ಗದ ಇನ್ನೊಂದು ತುದಿಯನ್ನೂ. ಹಿಡಿದವರು ಒಂದು ಕ್ಷಣ ನಿಂತರೆ, ಉಸಿರು ಬಿಗಿಹಿಡಿದರೆ, ಕೈ ಬಾಗಿಲ ಕಡೆ ತೋರಿದರೆ, ಇಲ್ಲಿ ಕೂರಬೇಕೇನೋ ಅಂತ ಅದಕ್ಕೆ ಅನಿಸುತ್ತೆ. ನನ್ನ ನಾಯಿ ನನಗೇ ಎಷ್ಟು ಸಲ ಹೀಗೆ ಮಾಡಿದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನವರು ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. 18 ಜೋಡಿ, ಅಂದರೆ ನಾಯಿ ಮತ್ತು ಅದನ್ನು ಹಿಡಿದು ನಡೆಸೋ ಹ್ಯಾಂಡ್ಲರ್. ಒಂದು ಚರ್ಚಿನ ಕೋಣೆಗಳಲ್ಲಿ ಹುಡುಕಾಟ. ಕೆಂಪು ಕಾಗದ ಅಂಟಿಸಿದ್ದಲ್ಲಿ ವಾಸನೆ ಇಟ್ಟಿದ್ದೇವೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಿಜಕ್ಕೂ ಎಲ್ಲಿಯೂ ಏನೂ ಇಟ್ಟಿರಲಿಲ್ಲ. 144 ಸಲ ಹುಡುಕಿಸಿದ್ದಕ್ಕೆ ಬಂದ ಸೂಚನೆಗಳು 225. ಏನೂ ಇಲ್ಲ ಅಂತ ಸರಿಯಾಗಿ ಮುಗಿದದ್ದು ಬರೀ 21. ಕೆಂಪು ಕಾಗದ ಇದ್ದಲ್ಲಿ ಸೂಚನೆ ಜಾಸ್ತಿ. ಕಾಗದ ಕಂಡದ್ದು ಮನುಷ್ಯರಿಗೆ, ನಾಯಿಗಲ್ಲ.

ಅದೇ ವರ್ಷ ಷಿಕಾಗೋ ಟ್ರಿಬ್ಯೂನ್ ಪತ್ರಿಕೆ, ಊರಿನ ಸುತ್ತಲ ಉಪನಗರಗಳ ಪೊಲೀಸ್ ದಾಖಲೆ ತೆಗೆದು ನೋಡಿತು. ನಾಯಿ ಸೂಚನೆ ಕೊಟ್ಟ ಕಾರುಗಳಲ್ಲಿ ಏನಾದರೂ ಸಿಕ್ಕಿದ್ದು ಶೇ. 44ರಲ್ಲಿ. ಚಾಲಕ ಹಿಸ್ಪಾನಿಕ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದವನು, ಆಗಿದ್ದರೆ ಶೇ. 27. ನಾಯಿಗೆ ಚಾಲಕನ ಬಣ್ಣ ಕಾಣುತ್ತಾ? ಹಗ್ಗ ಹಿಡಿದವರಿಗೆ ಕಾಣುತ್ತೆ.

ಬೆಣ್ಣೆಖಾಲಿ · ಮಂಗಳವಾರ ಬೆಳಗ್ಗೆ

ಇಷ್ಟು ತಪ್ಪಿದರೂ ಕೋರ್ಟು ನಾಯಿ ಮಾತು ನಂಬುತ್ತಾ?

ವಕಾಲತ್ತು · ಮಂಗಳವಾರ ಮಧ್ಯಾಹ್ನ

ನಂಬುತ್ತೆ. 2013ರ ಫ್ಲಾರಿಡಾ ವಿರುದ್ಧ ಹ್ಯಾರಿಸ್. ನಾಯಿಯ ಹೆಸರು ಆಲ್ಡೊ. ಅದು ಸೂಚನೆ ಕೊಟ್ಟಿತು, ಹುಡುಕಿದರೆ ಸಿಕ್ಕಿದ್ದು ಆಲ್ಡೊಗೆ ಕಲಿಸಿಯೇ ಇರದ ವಸ್ತು: ಮೆತ್ ಅನ್ನೋ ಮಾದಕ ವಸ್ತು ತಯಾರಿಸೋದಕ್ಕೆ ಬೇಕಾದ 200 ಮಾತ್ರೆ, 8,000 ಬೆಂಕಿಕಡ್ಡಿ. ಜಾಮೀನಿನಲ್ಲಿದ್ದಾಗ ಅದೇ ಮನುಷ್ಯನನ್ನು ಅದೇ ನಾಯಿ ಮತ್ತೆ ಮೂಸಿತು, ಮತ್ತೆ ಸೂಚನೆ, ಆ ಸಲ ಏನೂ ಇಲ್ಲ. ರಸ್ತೆಯಲ್ಲಿ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು, ಲೆಕ್ಕ ತೋರಿಸಿ ಅಂದಿತ್ತು ಫ್ಲಾರಿಡಾ ಕೋರ್ಟು. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಸೇರಿ ಅದನ್ನು ತಳ್ಳಿಹಾಕಿದರು. ತರಬೇತಿ, ಪ್ರಮಾಣಪತ್ರ ಸರಿ ಇದ್ದರೆ ಸಾಮಾನ್ಯವಾಗಿ ಸಾಕು, ಸಂಶಯ ಇದ್ದರೆ ಆರೋಪಿಯೇ ಎತ್ತಲಿ ಅಂತ.

2015ರಲ್ಲಿ ಏಳನೇ ಸರ್ಕಿಟ್ ಮುಂದೆ ಲೆಕ್ಸ್ ಅನ್ನೋ ನಾಯಿ ಬಂತು. ಕರೆದರೆ ನೂರಕ್ಕೆ 93 ಸಲ ಸೂಚನೆ. ಸಿಕ್ಕಿದ್ದು ಆ ಪೈಕಿ ಶೇ. 60ಕ್ಕೂ ಒಂಚೂರು ಕಡಿಮೆ. ಪ್ರತಿ ಸಲ ಕೂತಾಗಲೂ ಬಹುಮಾನ ಕೊಡ್ತಿದ್ದರಂತೆ, ಸಿಗಲಿ ಬಿಡಲಿ. ಕೋರ್ಟು ಮುಖ ಸಿಂಡರಿಸಿತು, ಆದರೂ ಶಿಕ್ಷೆ ಎತ್ತಿಹಿಡಿಯಿತು.

ಮೂಗುದಾರ · ಮಂಗಳವಾರ ಸಂಜೆ

ಪ್ರತಿ ಸಲ ಬಹುಮಾನ ಕೊಟ್ಟರೆ ನಾಯಿ ಪ್ರತಿ ಸಲ ಕೂರುತ್ತದೆ. ಇದಕ್ಕೆ ಸರ್ಕಿಟ್ ಕೋರ್ಟು ಬೇಕಿತ್ತಾ, ನಮ್ಮ ಊರಿನಲ್ಲಿ ಬಂಗುಡೆ ಮಾರುವ ಹೆಂಗಸನ್ನು ಕೇಳಿದ್ದರೆ ಅಲ್ಲಿನ ಬೆಕ್ಕಿನ ವಿಷಯ ಹೇಳುತ್ತಿದ್ದಳು.

ನಾಯಿಯ ಕಾಲು ಎಲ್ಲಿತ್ತು ಅಂತಲೂ ನೋಡಿ. ಇಡಾಹೊ ರಾಜ್ಯದ ಸುಪ್ರೀಂ ಕೋರ್ಟು 2023ರಲ್ಲಿ, ನಾಯಿ ಮುಂಗಾಲು ಕಾರಿನ ಬಾಗಿಲ ಮೇಲಿಟ್ಟರೆ ಅದು ಶೋಧನೆಯೇ ಅಂದಿದೆ. ಗಾಳಿ ಮೂಸಿದರೆ ಸರಿ, ನಿಮ್ಮ ಆಸ್ತಿ ಮುಟ್ಟಿದರೆ ಅಲ್ಲ.

ಟಿಮ್ಮನಕಾಫಿ · ಬುಧವಾರ

ಒಂಟಾರಿಯೋದಿಂದ. ನಮ್ಮಲ್ಲಿ ಲೆಕ್ಕಾಚಾರ ಬೇರೆ. 2008ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು, ಒಂದು ಕ್ಯಾಲ್ಗರಿಯ ಬಸ್ ನಿಲ್ದಾಣದ್ದು, ಇನ್ನೊಂದು ಶಾಲೆಯ ಮಕ್ಕಳ ಬ್ಯಾಗಿನದ್ದು. ನಾಯಿ ಮೂಸೋದೇ ಶೋಧನೆ, ಸಕಾರಣ ಅನುಮಾನ ಮೊದಲು ಇರಬೇಕು. ನದಿ ದಾಟಿದರೆ ಅದೇ ನಾಯಿ, ಅದೇ ಮೂಗು, ಬೇರೆ ಕಾನೂನು. ಗಡಿಯ ಕಸ್ಟಮ್ಸ್ ಹತ್ತಿರ ಮಾತ್ರ ಇದ್ಯಾವುದನ್ನೂ ನೆಚ್ಚಿಕೊಳ್ಳಬೇಡಿ, ಎರಡೂ ಕಡೆ.

ನಾಕಾಬಂದಿ · ಬುಧವಾರ

ಬೆಂಗಳೂರಿನಿಂದ, ಕೇಳದೇ ಇದ್ದರೂ. ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತು ತಡೆ ಕಾನೂನಿನ, 49ನೇ ಸೆಕ್ಷನ್ ಪ್ರಕಾರ ಅನುಮಾನಕ್ಕೆ ಕಾರಣ ಇದ್ದರೆ ಅಧಿಕಾರ ಇರುವ ಅಧಿಕಾರಿ ಗಾಡಿ ನಿಲ್ಲಿಸಿ ಹುಡುಕಬಹುದು. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಹುಡುಕಿ ಅನ್ನೋ 50ನೇ ಸೆಕ್ಷನ್ನಿನ ಹಕ್ಕು ಮೈ ತಪಾಸಣೆಗೆ ಮಾತ್ರ, ಬ್ಯಾಗಿಗಿಲ್ಲ ಅಂತ 2005ರಲ್ಲಿ ಪವನ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಯಿಗೋಸ್ಕರ ಎಷ್ಟು ನಿಮಿಷ ಕಾಯಿಸಿದರು ಅನ್ನೋ ಜಗಳ ಇಲ್ಲಿ ನಾನಂತೂ ನೋಡಿಲ್ಲ. ಇಲ್ಲಿ ಜಗಳ ಪಂಚನಾಮೆ, ಸೀಲು, ಸ್ಯಾಂಪಲ್ಲಿನದ್ದು.

ಫೇಡಾಪ್ರಿಯ · ಬುಧವಾರ ರಾತ್ರಿ

ವಕಾಲತ್ತು ಅವರ, ಒಂದು ಕೇಳ್ತೀನಿ. ಕೊಲರಾಡೊದಾಗ, ಇಲಿನಾಯ್‌ದಾಗ ಗಾಂಜಾ ಲೀಗಲ್ ಆತು. ನಾಯಿಗೆ ಅದು ಗೊತ್ತೈತೇನು?

ವಕಾಲತ್ತು · ಗುರುವಾರ

ಪ್ರಶ್ನೆ ಅಂದರೆ ಇದು ಸರ್! ನಾಯಿಗೆ ಗೊತ್ತಿಲ್ಲ. ಕಲಿತದ್ದನ್ನು ಮರೆಸೋದು ಬಹಳ ಕಷ್ಟ, ಅದಕ್ಕೇ ಎಷ್ಟೋ ನಾಯಿಗಳಿಗೆ ನಿವೃತ್ತಿ ಕೊಟ್ಟರು. ನಾಯಿ ಕೂತಾಗ ಗಾಂಜಾಕ್ಕೋ ಹೆರಾಯಿನ್‌ಗೋ ಅಂತ ಹೇಳೋದಿಲ್ಲ, ಎಲ್ಲದಕ್ಕೂ ಒಂದೇ ಭಂಗಿ. 2018ರ ಕೃಷಿ ಕಾಯ್ದೆ ಆದ ಮೇಲೆ ಹೆಂಪ್, ಅಂದರೆ ಅಮಲು ಬರಿಸದ ಅದೇ ಜಾತಿಯ ಗಿಡ, ಒಕ್ಕೂಟದ ಕಾನೂನಿನಲ್ಲಿ ಕಾನೂನುಬದ್ಧ, ಮೂಗಿಗೆ ಅದೂ ಗಾಂಜಾನೇ. ಹೀಗಾಗಿ ಕಬಾಯೆಸ್ ತೀರ್ಪಿನ ಬುಡವೇ ಅಲ್ಲಾಡ್ತಿದೆ: ನಾಯಿ ನಿಷೇಧಿತ ವಸ್ತುವನ್ನು ಮಾತ್ರ ಹೇಳುತ್ತೆ ಅಂದಿದ್ದರಲ್ಲ, ಈಗ ಅದು ಕಾನೂನುಬದ್ಧವಾದದ್ದನ್ನೂ ಹೇಳುತ್ತೆ. ಕೊಲರಾಡೊ ಸುಪ್ರೀಂ ಕೋರ್ಟು 2019ರ ಮೆಕ್‌ನೈಟ್ ಕೇಸಿನಲ್ಲಿ ಇದೇ ತರ್ಕ ಹಿಡಿದು, ಗಾಂಜಾ ಕಲಿತ ನಾಯಿಯನ್ನು ಕಾರಿನ ಸುತ್ತ ಬಿಡಬೇಕಾದರೆ ಮೊದಲೇ ಬಲವಾದ ಕಾರಣ ಇರಬೇಕು ಅಂತ ತಮ್ಮ ರಾಜ್ಯದ ಸಂವಿಧಾನದ ಮೇಲೆ ಹೇಳಿತು.

ಇಲಿನಾಯ್ ಇನ್ನೂ ಮಜಾ. ಅದು ಪೊಲೀಸರ ಮೂಗಿನ ಕಥೆ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರು ಸುಟ್ಟ ಗಾಂಜಾದ ವಾಸನೆ ಒಂದೇ ಕಾರು ಹುಡುಕೋಕೆ ಸಾಲದು ಅಂದರು. ಡಿಸೆಂಬರ್‌ನಲ್ಲಿ ಹಸಿ ಗಾಂಜಾದ ವಾಸನೆ ಸಾಕು ಅಂದರು. ಕಾರಿನಲ್ಲಿ ಒಯ್ಯುವಾಗ ವಾಸನೆ ಹೊರಬರದ ಡಬ್ಬಿಯಲ್ಲಿರಬೇಕು ಅಂತ ಅಲ್ಲಿನ ಕಾನೂನು. ಹಸಿ ವಾಸನೆ ಬಂತು ಅಂದರೆ ಡಬ್ಬಿ ಸರಿ ಇಲ್ಲ ಅಂತ ಅರ್ಥ.

ಹಕ್ಕಿಯವರೇ, ಈಗ ನಿಮ್ಮ ವಿಷಯ. ಬಾಡಿಗೆ ಕರಾರಿನಲ್ಲಿ ಭಾವಮೈದನ ಹೆಸರಿಲ್ಲ ಅಂತ ಹೆದರಬೇಡಿ, ಕರಾರಿನಲ್ಲಿ ಹೆಸರಿಲ್ಲ ಅನ್ನೋ ಒಂದೇ ಕಾರಣಕ್ಕೆ ಓಡಿಸೋವನ ನಾಲ್ಕನೇ ತಿದ್ದುಪಡಿ ಹಕ್ಕು ಹೋಗೋದಿಲ್ಲ ಅಂತ 2018ರ ಬರ್ಡ್ ತೀರ್ಪು ಇದೆ. ಕಹಿ ಸುದ್ದಿ ಏನಂದರೆ, ಈ ತೀರ್ಪುಗಳೆಲ್ಲ ಮುಖ್ಯವಾಗಿ ಕೆಲಸಕ್ಕೆ ಬರೋದು ಏನಾದರೂ ಸಿಕ್ಕಿದವರಿಗೆ. ಸಿಕ್ಕಿದ್ದನ್ನು ಸಾಕ್ಷ್ಯದಿಂದ ತೆಗೆಸಬಹುದು. ಏನೂ ಸಿಗದವರು ತೆಗೆಸೋದು ಏನನ್ನು? ಸಿವಿಲ್ ದಾವೆ ಹಾಕಬಹುದು, ಆದರೆ ಅಧಿಕಾರಿಗಳಿಗೆ ರಕ್ಷಣೆ ಬಲವಾಗಿದೆ, ಸೋತರೆ ವಕೀಲರ ಖರ್ಚು ನಿಮ್ಮದೇ ಆಗಬಹುದು. ರೊಡ್ರಿಗೆಜ್‌ಗೂ ತೀರ್ಪು ಸಿಕ್ಕಿತು, ಬಿಡುಗಡೆ ಸಿಗಲಿಲ್ಲ. ಕೇಸು ಕೆಳಗಿನ ಕೋರ್ಟಿಗೆ ವಾಪಸ್ ಹೋದಾಗ, ಆ ಕಾಲಕ್ಕೆ ಇದ್ದ ಕಾನೂನನ್ನು ಅಧಿಕಾರಿ ನಂಬಿ ನಡೆದಿದ್ದ ಅಂತ ಐದು ವರ್ಷದ ಶಿಕ್ಷೆ ಹಾಗೇ ಉಳೀತು. ಅವನ ಹೆಸರಿನ ಕಾನೂನು ಊರಿಗೆಲ್ಲ ಉಪಯೋಗ ಆಯ್ತು, ಅವನಿಗಲ್ಲ.

ಒಂದು ಕೆಲಸ ಮಾಡಿ. ಆ ಇಲಾಖೆಗೆ ಸಾರ್ವಜನಿಕ ದಾಖಲೆಯ ಅರ್ಜಿ ಹಾಕಿ ವಿಡಿಯೋ ಕೇಳಿ. ಕ್ಯಾಮೆರಾದ ಮೂಲೆಯಲ್ಲಿ ಗಡಿಯಾರ ಇರುತ್ತೆ.

ಹೆದ್ದಾರಿಹಕ್ಕಿ · ಐದು ವಾರದ ಮೇಲೆ

ವಿಡಿಯೋ ಬಂತು. ಒಬ್ಬನೇ ಕೂತು ನೋಡಿದೆ, ಆಮೇಲೆ ಹೆಂಡತಿಗೆ ತೋರಿಸಿದೆ.

ಲೈಸೆನ್ಸ್ ವಾಪಸ್ ಕೊಟ್ಟದ್ದು 10:41. ನಾನು ಬೇಡ ಅಂದದ್ದು 10:46. ನಾಯಿ ಗಾಡಿಯಿಂದ ಇಳಿದದ್ದು 11:09. ಮಧ್ಯದಲ್ಲಿ ಆ ಅಧಿಕಾರಿ ತನ್ನ ಗಾಡಿಯಲ್ಲಿ ಕೂತು ಯಾರ ಜೊತೆಗೋ ಫೋನಿನಲ್ಲಿ ಮಗಳ ಸಾಕರ್ ಪಂದ್ಯದ ಬಗ್ಗೆ ಮಾತಾಡ್ತಾರೆ. ನನಗೆ ಸಿಟ್ಟು ಬಂದದ್ದು ಅಲ್ಲಿ. ಹುಡುಕಿದ್ದಕ್ಕೂ ಅಷ್ಟು ಬಂದಿರಲಿಲ್ಲ.

ಮೂಗುದಾರ · ಅದೇ ದಿನ

ನಾಯಿ ಮೊದಲ ಸುತ್ತಿನಲ್ಲೇ ಕೂತಿತಾ?

ಹೆದ್ದಾರಿಹಕ್ಕಿ · ಅದೇ ದಿನ

ಇಲ್ಲ ಸರ್. ಮೊದಲ ಸುತ್ತು ಹಾಗೇ ಹೋಯ್ತು. ಎರಡನೆಯದೂ ಹೋಯ್ತು. ಮೂರನೇ ಸಲ ಹಿಂದಿನ ಬಾಗಿಲ ಹತ್ತಿರ ಅವರೇ ನಿಂತರು, ಹಗ್ಗ ಬಿಗಿಯಾಯ್ತು, ನಾಯಿ ತಿರುಗಿ ಅವರ ಮುಖ ನೋಡಿತು. ಆಮೇಲೆ ಕೂತಿತು.

ಮೂಗುದಾರ · ಅದೇ ದಿನ

ಮುಖ ನೋಡಿತು ಅಂದಿರಲ್ಲ. ಆ ಜಾಗವನ್ನು ನಿಧಾನಗತಿಯಲ್ಲಿ ಹಾಕಿ ಉಳಿಸಿಟ್ಟುಕೊಳ್ಳಿ.

ವಕಾಲತ್ತು · ಅದೇ ದಿನ

ಮೂಲ ಫೈಲನ್ನು ಮುಟ್ಟಬೇಡಿ, ಪ್ರತಿ ಮಾಡಿ. ಆ ರಾಜ್ಯದಲ್ಲಿ ಇಂಥ ಕೇಸು ನೋಡೋ ಇಬ್ಬರು ವಕೀಲರ ವಿವರ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ. ಮೊದಲ ಅರ್ಧ ಗಂಟೆ ಇಬ್ಬರೂ ದುಡ್ಡು ಕೇಳೋದಿಲ್ಲ.

ಫೇಡಾಪ್ರಿಯ · ಮರುದಿನ

ಸಾಕರ್ ಮ್ಯಾಚ್ ಅಂದ್ರಲ್ರೀ, ಅದನ್ನ ಓದಿ ನನಗೂ ಹೊಟ್ಟ್ಯಾಗ ಉರೀತು. ಮುಂದಿನ ಸಲ ನಾನೂ ಬ್ಯಾಡ ಅಂತೀನಿ ಬಿಡ್ರಿ. ಮೆಲ್ಲಗ ಅಂತೀನಿ.

ಹೆದ್ದಾರಿಹಕ್ಕಿ · ಮರುದಿನ

ಒಬ್ಬ ವಕೀಲರ ಜೊತೆ ಸೋಮವಾರ ಮಾತು ಇದೆ. ಇನ್ನೊಂದು ವಿಷಯ. ಅವತ್ತು ಹುಲ್ಲಿನಲ್ಲಿ ಇಂಗಿನ ಡಬ್ಬಿಯ ಮುಚ್ಚಳ ಕಳೆದುಹೋಗಿತ್ತು, ಹಾಗೇ ಡಿಕ್ಕಿಯಲ್ಲಿ ಇಟ್ಟುಕೊಂಡು ಬಂದೆವು. ಕಾರು ಬಾಡಿಗೆ ಕಂಪನಿಯವರು ವಾಸನೆ ಹೋಗಲಾಡಿಸೋ ಖರ್ಚು ಅಂತ 250 ಡಾಲರ್ ಬಿಲ್ ಕಳಿಸಿದ್ದಾರೆ.